ಸೋಮವಾರದ ರಣಹದ್ದು

ಮಸ್ಕತ್
20 ಆಗಸ್ಟ್ 2025

ಪ್ರೀತಿಯ ವಿಜ್ಜುವಿಗೆ ಪಪ್ಪನ ಆಶೀರ್ವಾದಗಳು.

ಈ ಪತ್ರ ಕಾರ್ಕಳದ ವಲೇರಿಯನ್ ಕೈಯಲ್ಲಿ ಬರುತ್ತದೆ. ಅವನು ರಜೆಗೆ ಹೊರಟಿದ್ದಾನೆ. ಜೊತೆಗೆ ಖರ್ಜೂರ ಉಂಟು, ಎಲ್ಲ ನೀನೇ ಮುಗಿಸಬೇಡ, ಅಮ್ಮನಿಗೂ ಕೊಡು. ಈ ಕಾಲದಲ್ಲಿಯೂ ಊರಿಗೆ ಹೋಗುವವರ ಕೈಯಲ್ಲಿ ಪತ್ರ ಕೊಡುವ ಮನುಷ್ಯ ಈ ಕ್ಯಾಂಪಿನಲ್ಲಿ ನಾನೊಬ್ಬನೇ ಎಂದು ಎಲ್ಲರೂ ತಮಾಷೆ ಮಾಡುತ್ತಾರೆ. ಮಾಡಲಿ. ಫೋನಿನಲ್ಲಿ ನೀನು "ಒಣಸ್ ಆಂಡಾ ಪಪ್ಪಾ?" ಎಂದು ಊಟದ ವಿಷಯ ಕೇಳುತ್ತೀ, ನಾನು ಆಯಿತು ಎನ್ನುತ್ತೇನೆ, ಅಲ್ಲಿಗೆ ಇಬ್ಬರ ಮಾತೂ ಮುಗಿಯುತ್ತದೆ. ಪತ್ರದಲ್ಲಿ ಹಾಗಲ್ಲ. ಪೆನ್ನು ಹಿಡಿದರೆ ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ನೀವು ಮೂವರು ಸೇರಿ ಮಾಡಿದ ಗೇಮ್ ಹಾಕಿಕೊಂಡೆ. 'ಕೊನೆಯ ಗೂಡು' ಹೆಸರು ಚೆಂದ ಉಂಟು. ಮಗಳು ಮಾಡಿದ್ದು ಎಂದು ಮೆಸ್ಸಿನಲ್ಲಿ ಕಂಡಕಂಡವರಿಗೆಲ್ಲ ತೋರಿಸಿದೆ. ಅಳಿದುಹೋಗುತ್ತಿರುವ ಹಕ್ಕಿಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದಾಗ ಎಲ್ಲರೂ ಬಣ್ಣ ಇದ್ದದ್ದನ್ನೇ ಆರಿಸಿದರು. ನಾನು ರಣಹದ್ದನ್ನು ತೆಗೆದುಕೊಂಡೆ. ವಲೇರಿಯನ್ "ಎಂತ ಮಾರಾಯ, ಸಾಕಲಿಕ್ಕೆ ನಿನಗೆ ಇದೇ ಸಿಕ್ಕಿದ್ದಾ?" ಎಂದು ಕೇಳಿದ. ಅವನಿಗೆ ಎಂತ ಗೊತ್ತು.

ನಾನು ಸಣ್ಣವನಿರುವಾಗ ಬೆಳ್ಮಣ್‌ನಲ್ಲಿ ದನ ಸತ್ತರೆ ಹೂಳುವ ಕ್ರಮ ಇರಲಿಲ್ಲ. ನಾಲ್ಕು ಜನ ಸೇರಿ ಗುಡ್ಡೆಯ ಮೇಲೆ ಇಟ್ಟು ಬರುತ್ತಿದ್ದರು. ಆಕಾಶದಲ್ಲಿ ಮೊದಲು ಒಂದು ಚುಕ್ಕೆ ಕಾಣುತ್ತಿತ್ತು, ಆಮೇಲೆ ಹತ್ತು. ಸಂಜೆಯೊಳಗೆ ಗುಡ್ಡೆ ಗುಡಿಸಿದ ಹಾಗೆ. ಬೆಳಿಗ್ಗೆ ಶಾಲೆಗೆ ಹೋಗುವಾಗ ಅವು ಧೂಪದ ಮರದ ಮೇಲೆ ರೆಕ್ಕೆ ಬಿಡಿಸಿ ಬಿಸಿಲು ಕಾಯುತ್ತಾ ಕುಳಿತಿರುತ್ತಿದ್ದವು, ಯಾರೋ ಕಂಬಳಿ ಒಣಗಲಿಕ್ಕೆ ಹಾಕಿದ ಹಾಗೆ. ನಮಗೆ ಹೆದರಿಕೆ, ಆದರೂ ನೋಡದೆ ಹೋಗುತ್ತಿರಲಿಲ್ಲ. ದನಗಳಿಗೆ ಕೊಟ್ಟ ನೋವಿನ ಔಷಧಿಯೇ ಅವುಗಳಿಗೆ ವಿಷವಾಯಿತು ಎಂದು ನಿನ್ನ ಗೇಮ್ ನೋಡಿಯೇ ನನಗೆ ಗೊತ್ತಾದದ್ದು. ಯಾವ ದಿನದಿಂದ ಬರಲಿಲ್ಲ ಎಂದು ಕೇಳಿದರೆ ಊರಿನಲ್ಲಿ ಯಾರೂ ಹೇಳಲಾರರು. ನಾನು ವಿಮಾನ ಹತ್ತುವ ಹೊತ್ತಿಗೆ ಆ ಮರ ಬರಿದಾಗಿತ್ತು. ಆಗ ನಿನಗೆ ಇನ್ನೂ ಹಲ್ಲು ಬಂದಿರಲಿಲ್ಲ.

ಈಗ ನನ್ನ ಅಭಿಪ್ರಾಯ. ಮೂರು ಸ್ಟಾರ್ ಕೊಟ್ಟಿದ್ದೇನೆ, ಕೋಪ ಮಾಡಬೇಡ. ಮೂರು ದಿನ ಆಹಾರ ಇಡದಿದ್ದರೆ ಹಕ್ಕಿ ಹೊರಟುಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ ಎಂದು ಮಾಡಿದ್ದೀಯಲ್ಲ, ಆ ನಿಯಮ ಯಾರನ್ನು ನೆನೆಸಿಕೊಂಡು ಮಾಡಿದ್ದು? ಓದಿದಾಗ ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗಾಯಿತು.

ಇನ್ನೊಂದು ವಿಷಯ. ಮಾರ್ಚಿಗೆ ನನ್ನ ಕರಾರು ಮುಗಿಯುತ್ತದೆ. ಇನ್ನೆರಡು ವರ್ಷಕ್ಕೆ ಸಹಿ ಹಾಕು ಎನ್ನುತ್ತಾರೆ. ನಿನ್ನ ಓದು ಆಯಿತು, ಮನೆ ಆಯಿತು, ಬರಬಹುದು. ಆದರೆ ಬಂದು ಎಂತ ಮಾಡುವುದು ವಿಜ್ಜು? ರಜೆಗೆ ಬಂದಾಗಲೇ ನೋಡಿದ್ದೇನೆ. ಅಮ್ಮ ಬೆಳಿಗ್ಗೆ ಹಾಲಿನ ಸೊಸೈಟಿಗೆ ಹೋಗುತ್ತಾಳೆ, ಪಂಪು, ತೋಟ, ಕರೆಂಟ್ ಆಫೀಸು ಎಲ್ಲ ಅವಳೇ. ನಾನು ಕೈ ಹಾಕಿದರೆ "ನಿಮಗೆ ಗೊತ್ತಾಗುವುದಿಲ್ಲ, ಕೂತುಕೊಳ್ಳಿ" ಎನ್ನುತ್ತಾಳೆ. ನೆಂಟನ ಹಾಗೆ ಎಷ್ಟು ದಿನ ಕೂರುವುದು? ಅಮ್ಮನಿಗೆ ಹೇಳಬೇಡ.

ಇಂತು ನಿನ್ನ ಪಪ್ಪ,
ಸರ್ವೋತ್ತಮ


ಮಣಿಪಾಲ
21 ಸೆಪ್ಟೆಂಬರ್ 2025

ಪಪ್ಪಾ,

ವಲೇರಿಯನ್ ಅಂಕಲ್ ಖರ್ಜೂರವನ್ನು ಬೆಳ್ಮಣ್‌ನ ಮನೆಯಲ್ಲಿಯೇ ಕೊಟ್ಟು ಹೋಗಿದ್ದಾರೆ, ಹಾಗಾಗಿ ಅರ್ಧ ಸಿಕ್ಕಿದ್ದು ನನಗೆ. ಉಡುಪಿಯಲ್ಲಿ ಅಷ್ಟಮಿಯ ಗೌಜಿ ಮುಗಿಯಿತು. ಹುಲಿವೇಷದ ತಾಸೆಯ ಬಡಿತ ಇನ್ನೂ ಕಿವಿಯಲ್ಲಿ ಉಂಟು. ಸಣ್ಣವಳಿರುವಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹುಲಿ ತೋರಿಸಿದ್ದು ಸೋದರಮಾವ. ನೀವು ಎಂದು ನಾನು ಬಹಳ ವರ್ಷ ಎಣಿಸಿದ್ದೆ. ಫೋಟೋ ನೋಡಿದ ಮೇಲೆ ಗೊತ್ತಾಯಿತು.

ನಿಮ್ಮ ಮೂರು ಸ್ಟಾರ್ ನೋಡಿದೆ. ಸ್ವಂತ ಅಪ್ಪನೇ ಹೀಗೆ ಮಾಡಿದರೆ ಬೇರೆಯವರಿಗೆ ಎಂತ ಹೇಳುವುದು? ಉಳಿದವರ ಅಭಿಪ್ರಾಯವನ್ನೂ ಕೇಳಿ. ಕಾರ್ಕಳದ ಕಾಲೇಜು ಹುಡುಗಿ ಒಬ್ಬಳು: "ಪರೀಕ್ಷೆ ಇತ್ತೆಂದು ಬಿಟ್ಟೆ. ಬಂದು ನೋಡುವಾಗ ಗೂಡು ಖಾಲಿ. ಅತ್ತುಬಿಟ್ಟೆ. ಒಂದು ಸ್ಟಾರ್." ಮತ್ತೊಬ್ಬರು: "ಚಿತ್ರ ಚೆನ್ನಾಗಿದೆ. ಆದರೆ ರಣಹದ್ದು ಯಾಕೆ ಮಾರಾಯ್ರೇ? ಊಟ ಮಾಡುತ್ತಾ ಆಡಲಿಕ್ಕೆ ಆಗುವುದಿಲ್ಲ." ಇನ್ನೊಬ್ಬರಿಗೆ ಜಾಹೀರಾತು ನೋಡಿದರೆ ಹಕ್ಕಿ ವಾಪಸ್ ಬರಬೇಕಂತೆ. ಕಾಪುವಿನ ಚಂದು ಎನ್ನುವವರು ಬರೆದದ್ದು ಮಾತ್ರ ನನಗೆ ನಾಟಿತು: "ನಾನು ಬೋಟಿಗೆ ಹೋಗುವವನು. ಹತ್ತು ದಿನ ಕಡಲಲ್ಲಿ ನೆಟ್‌ವರ್ಕ್ ಇಲ್ಲ. ಹೊಟ್ಟೆಪಾಡಿಗೆ ಹೋದವನ ಹಕ್ಕಿ ಕೂಡ ಹೋಗಬೇಕಾ? ಇದು ಯಾವ ನ್ಯಾಯ?"

ನ್ಯಾಯ ಅಲ್ಲ ಎಂದು ನನಗೂ ಗೊತ್ತುಂಟು. ಆದರೆ ಹಕ್ಕಿಗೆ ನ್ಯಾಯ ಎಂತ ಗೊತ್ತು? ಹಸಿದರೆ ಹೋಗುತ್ತದೆ. ನಮ್ಮ ಮೂವರಲ್ಲಿ ಅಕ್ಷಿತ್‌ಗೆ ಈ ನಿಯಮವನ್ನೇ ತೆಗೆಯಬೇಕು. ಹಕ್ಕಿ ಯಾವಾಗಲೂ ಇರಲಿ, ಆಡುವವರು ಖುಷಿಯಲ್ಲಿರಲಿ ಎನ್ನುತ್ತಾನೆ. ಸ್ಯಾಂಡ್ರಾಗೆ ಎರಡೂ ಸರಿ ಎನಿಸುತ್ತದೆ. ನಾನು ಮಾತ್ರ ಹಠ ಹಿಡಿದಿದ್ದೇನೆ. ಫೆಬ್ರವರಿಯೊಳಗೆ ತೀರ್ಮಾನ ಮಾಡಬೇಕು.

ಯಾರನ್ನು ನೆನೆಸಿಕೊಂಡು ಮಾಡಿದ್ದು ಎಂದು ಕೇಳಿದಿರಿ. ನಿಮ್ಮನ್ನು ಬೈಯಲಿಕ್ಕೆ ಮಾಡಿದ್ದಲ್ಲ ಪಪ್ಪಾ. ಆದರೆ ನೀವು ರಜೆ ಮುಗಿಸಿ ಹೋದ ಮೇಲೆ ನಿಮ್ಮ ಅಂಗಿಯ ವಾಸನೆ ಬಾಗಿಲ ಹಿಂದೆ ಎರಡು ದಿನ ಇರುತ್ತಿತ್ತು. ಮೂರನೇ ದಿನ ಇರುತ್ತಿರಲಿಲ್ಲ. ಆ ಲೆಕ್ಕ ನನಗೆ ಎಲ್ಲಿಂದ ಬಂತೆಂದು ಬರೆಯುತ್ತಾ ಕುಳಿತಾಗ ಈಗ ಹೊಳೆಯಿತು.

ಬಂದು ಎಂತ ಮಾಡುವುದು ಎಂದೂ ಕೇಳಿದಿರಿ. ಬನ್ನಿ ಎಂದು ಹೇಳಲಿಕ್ಕೆ ನನಗೆ ಗೊತ್ತಾಗುವುದಿಲ್ಲ. ಅಭ್ಯಾಸ ಇಲ್ಲ. ಅಮ್ಮನಿಗೆ ಹೇಳಿಲ್ಲ.

ನಿಮ್ಮ,
ವಿಜೇತಾ


ಮಸ್ಕತ್
5 ಡಿಸೆಂಬರ್ 2025

ವಿಜ್ಜುವಿಗೆ,

ಪತ್ರ ತಡವಾಯಿತು. ನವೆಂಬರ್ ಪೂರ್ತಿ ನನ್ನನ್ನು ಮರುಭೂಮಿಯ ಒಳಗಿನ ಸೈಟಿಗೆ ಹಾಕಿದ್ದರು. ಜನರೇಟರ್ ರಿಪೇರಿ. ಫೋನ್ ಜೇಬಿನಲ್ಲಿದ್ದರೂ ಬರೀ ಟಾರ್ಚ್. ಹೋಗುವ ಮೊದಲ ಸಂಜೆ ನನ್ನ ಹದ್ದಿಗೆ ಆಹಾರ ಇಟ್ಟು, "ಆಯಿತು ಮಾರಾಯ, ನಿನ್ನ ದಾರಿ ನಿನಗೆ" ಎಂದು ಹೇಳಿ ಮುಚ್ಚಿದೆ. ಬೇಸರ ಆದದ್ದು ನಿಜ. ಆದರೆ ಮಗಳು ಮಾಡಿದ ನಿಯಮ, ನನಗೂ ಸಲ್ಲಬೇಕಾದದ್ದೇ ಎಂದು ಸಮಾಧಾನ ಮಾಡಿಕೊಂಡೆ.

ಮೊನ್ನೆ ಬಂದು ತೆರೆದರೆ ಅದು ಬಂಡೆಯ ಮೇಲೆ ಗಟ್ಟಿಯಾಗಿ ಕುಳಿತಿದೆ! ರೆಕ್ಕೆ ಬಿಡಿಸಿಕೊಂಡು, ಧೂಪದ ಮರದಲ್ಲಿ ಕುಳಿತ ಹಾಗೆಯೇ. ಮೊದಲು ಸಂತೋಷವಾಯಿತು. ಒಂದು ಗಳಿಗೆ ನಾನು ಶಾಲೆಯ ಚೀಲ ಹಾಕಿಕೊಂಡ ಹುಡುಗನಾದೆ. ಆಮೇಲೆ ಕೋಪ ಬಂತು.

ವಿಜ್ಜು, ಇದು ನಿನ್ನದೇ ಕೆಲಸ ಅಲ್ವಾ? ಅಪ್ಪನ ಹಕ್ಕಿ ಎಂದು ಆಫೀಸಿನಲ್ಲಿ ಕುಳಿತು ಎಂತದೋ ತಿದ್ದಿದ್ದೀ. ಹಾಗೆ ಮಾಡಬಾರದಿತ್ತು. ಬೋಟಿಗೆ ಹೋಗುವ ಆ ಚಂದುವಿನ ಹಕ್ಕಿ ಹೋಯಿತು, ನನ್ನದು ಉಳಿಯಿತು ಎಂದರೆ ಅವನಿಗೆ ನಾನು ಯಾವ ಮುಖ ತೋರಿಸುವುದು? ನಾನು ಇಲ್ಲದಿದ್ದರೂ ನನ್ನ ಜಾಗ ಹಾಗೆಯೇ ಉಂಟು ಎಂಬ ಸುಳ್ಳು ಸಮಾಧಾನ ನನಗೆ ಬೇಡ. ಅಂಥ ಸಮಾಧಾನದ ಮೇಲೆಯೇ ಇಪ್ಪತ್ತೈದು ವರ್ಷ ಕಳೆದದ್ದು.

ಕರಾರಿನ ಕಾಗದ ಮೇಜಿನ ಮೇಲೆ ಉಂಟು. ಜನವರಿ ಕೊನೆಗೆ ಕೊಡಬೇಕು. ಸಹಿ ಹಾಕಿಬಿಡುತ್ತೇನೆ ಎಂದು ತೋರುತ್ತದೆ.

ಪಪ್ಪ


ಮಣಿಪಾಲ
4 ಜನವರಿ 2026

ಪಪ್ಪಾ,

ಈ ಪತ್ರ ಪೂರ್ತಿ ಓದುವವರೆಗೆ ದಯವಿಟ್ಟು ಆ ಕರಾರಿನ ಕಾಗದವನ್ನು ಮುಟ್ಟಬೇಡಿ. ಅಖಿಲ್ ಎಂಬವರು ಮಸ್ಕತ್‌ಗೆ ಹೊರಟಿದ್ದಾರೆಂದು ತಿಳಿದು ಕಾಪುವಿನವರೆಗೆ ಬಸ್ಸಿನಲ್ಲಿ ಹೋಗಿ ಅವರ ಕೈಯಲ್ಲಿಯೇ ಕೊಡುತ್ತಿದ್ದೇನೆ.

ನಾನು ಎಂತದೂ ತಿದ್ದಲಿಲ್ಲ. ದೇವರಾಣೆ. ನಿಮ್ಮ ಪತ್ರ ಓದಿ ನನಗೂ ಸಿಟ್ಟು ಬಂತು. ಅಕ್ಷಿತ್ ಮಾಡಿದ್ದಾನೋ ಎಂದು ಅವನ ಮೇಲೆ ಹಾರಿದೆ. ಅವನು ಪಾಪ, "ನಿನ್ನ ಅಪ್ಪನ ಹದ್ದು ಯಾವುದೆಂದೇ ನನಗೆ ಗೊತ್ತಿಲ್ಲ ಮಾರಾಯ್ತಿ" ಎಂದ. ಆಮೇಲೆ ಮೂವರೂ ಕುಳಿತು ನಿಮ್ಮ ಆಟವನ್ನು ತೆಗೆದು ನೋಡಿದೆವು. ನೀವು ಸೈಟಿನಲ್ಲಿದ್ದ ದಿನಗಳಲ್ಲಿ ಕೂಡ ಬೆಳಿಗ್ಗೆ ಬೆಳಕು ಹರಿಯುವ ಮೊದಲು ಯಾರೋ ಬಂದು ಹದ್ದಿಗೆ ಆಹಾರ ಇಟ್ಟು ಹೋಗಿದ್ದಾರೆ. ಅದಕ್ಕಿಂತ ಮೊದಲೂ ಹಾಗೆಯೇ. ನೀವು ಇಟ್ಟ ದಿನವೂ ಇಟ್ಟಿದ್ದಾರೆ. ನಿಮ್ಮ ಹದ್ದು ದಿನಕ್ಕೆ ಎರಡು ಊಟ ಮಾಡಿ ಸುಖವಾಗಿತ್ತು.

ಒಂದು ಮಾತ್ರ ವಿಚಿತ್ರ. ವಾರದಲ್ಲಿ ಒಂದು ದಿನ ಬರುತ್ತಾರೆ, ಬಂಡೆ ಗುಡಿಸುತ್ತಾರೆ, ನೀರು ಇಡುತ್ತಾರೆ, ಮಾಂಸ ಇಡುವುದಿಲ್ಲ. ಪ್ರತಿ ವಾರ ಅದೇ ದಿನ. ಡಿಸೆಂಬರಿನಲ್ಲಿ ಒಮ್ಮೆ ಎರಡು ದಿನ ಸಾಲಾಗಿ ಇಡಲಿಲ್ಲ. ಮೂರನೇ ದಿನ ಎಂದಿಗಿಂತ ಬೇಗ ಬಂದು ರಾಶಿ ಹಾಕಿದ್ದಾರೆ. ಸ್ಯಾಂಡ್ರಾ ಕ್ಯಾಲೆಂಡರ್ ನೋಡಿ ಬಿದ್ದುಬಿದ್ದು ನಕ್ಕಳು. "ಇದು ಯಾವ ರಣಹದ್ದು ಮಾರಾಯ್ತಿ, ಸೋಮವಾರ ಒಪ್ಪತ್ತು ಮಾಡುವುದು?" ಎಂದಳು. ಎರಡು ದಿನ ಸಾಲಾಗಿ ಇಡದದ್ದು ಸೋಮವಾರ ಮತ್ತು ಮರುದಿನದ ಧನು ಸಂಕ್ರಮಣ.

ಸ್ಯಾಂಡ್ರಾ ನಗುತ್ತಲೇ ಇದ್ದಳು. ನನಗೆ ನಗು ಬರಲಿಲ್ಲ. ನಮ್ಮ ಮನೆಯಲ್ಲಿ ಸೋಮವಾರವೂ ಸಂಕ್ರಮಣವೂ ಮೀನಿನ ಪಾತ್ರೆಯನ್ನು ಮುಟ್ಟದವರು ಯಾರು?

ಶನಿವಾರ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಸಣ್ಣ ಬೆಳಕು ಕಂಡು ಬಾಗಿಲ ಹತ್ತಿರ ನಿಂತೆ. ಸೊಸೈಟಿಗೆ ಹೊರಡುವ ಸೀರೆ ಉಟ್ಟುಕೊಂಡು ಅಮ್ಮ ಒಲೆಯ ಪಕ್ಕ ಕುಳಿತಿದ್ದಳು. ಕೈಯಲ್ಲಿ ನೀವು ಹೋದ ಸಲ ಬಿಟ್ಟುಹೋದ ಹಳೆಯ ಫೋನ್. ಅದರಲ್ಲಿ ನಿಮ್ಮದೇ ಹೆಸರು, ನಿಮ್ಮದೇ ಹದ್ದು. ಗೇಮ್ ಹಾಕಿ ತೋರಿಸಿದ್ದು ನಾನೇ, ಮರೆತುಬಿಟ್ಟಿದ್ದೆ. ಕನ್ನಡಕ ಮೂಗಿನ ತುದಿಗೆ ಬಂದಿತ್ತು. ತೋರುಬೆರಳಿನಿಂದ ಮೆಲ್ಲ ಒತ್ತುತ್ತಾ ಹದ್ದಿಗೆ ತುಳುವಿನಲ್ಲಿ ಬುದ್ಧಿ ಹೇಳುತ್ತಿದ್ದಳು: ತಿನ್ನು, ಎಲ್ಲಿಗೂ ಹೋಗಬೇಡ, ಅವರಿಗೆ ಕೆಲಸ ಉಂಟು, ಬರುತ್ತಾರೆ.

ನಾನು ಹೋಗಿ ಮತ್ತೆ ಮಲಗಿದೆ. ಮಲಗಿ ಅತ್ತೆ ಪಪ್ಪಾ.

ಒಂದು ಕೇಳಬೇಕು. ಮೂರನೇ ಕ್ಲಾಸಿನಲ್ಲಿ ನನ್ನ ಹುಟ್ಟಿದ ಹಬ್ಬಕ್ಕೆ ಅಯಸ್ಕಾಂತದ ಮುಚ್ಚಳ ಇದ್ದ ಪೆನ್ಸಿಲ್ ಬಾಕ್ಸ್ ಬಂದಿತ್ತು. ಪಪ್ಪ ಮಸ್ಕತ್‌ನಿಂದ ಕಳುಹಿಸಿದ್ದು ಎಂದು ಅಮ್ಮ ಕೊಟ್ಟಳು. ಶಾಲೆಯಲ್ಲಿ ಎಲ್ಲರಿಗೂ ತೋರಿಸಿದೆ. ಅದರ ಅಡಿಯಲ್ಲಿ ಉಡುಪಿಯ ಅಂಗಡಿಯ ಚೀಟಿ ಅಂಟಿಕೊಂಡಿತ್ತು. ಉಗುರಿನಿಂದ ಕಿತ್ತು ಬಿಸಾಡಿದೆ, ಯಾರಿಗೂ ಹೇಳಲಿಲ್ಲ. ನೀವು ಕಳುಹಿಸಿದ್ದು ಹೌದಾ?

ಉತ್ತರ ಬರೆಯದಿದ್ದರೂ ಆಗುತ್ತದೆ.

ವಿಜ್ಜು


ಬೆಳ್ಮಣ್
18 ಜನವರಿ 2026

ವಿಜ್ಜುವಿನ ಪಪ್ಪನಿಗೆ ಸ್ವರ್ಣಲತಾ ಮಾಡುವ ನಮಸ್ಕಾರಗಳು.

ನಾನು ಪತ್ರ ಬರೆಯದೆ ವರ್ಷಗಳಾದವು. ಅಕ್ಷರ ಡೊಂಕಾದರೆ ನಗಬಾರದು. ನಿನ್ನೆ ನೀವು ಫೋನಿನಲ್ಲಿ "ಹದ್ದಿಗೆ ನೀನು ಹಾಕುತ್ತಿದ್ದೀಯಂತೆ" ಎಂದು ಕೇಳಿದಿರಿ. ಆಮೇಲೆ ಇಬ್ಬರೂ ಊಟದ ವಿಷಯ ಮಾತಾಡಿ ಇಟ್ಟೆವು. ಹಾಗಾಗಿ ಬರೆಯುತ್ತಿದ್ದೇನೆ. ಕ್ರಿಸ್ಮಸ್ಸಿಗೆ ಬಂದಿದ್ದ ವಲೇರಿಯನ್ ನಾಳೆ ರಾತ್ರಿಯ ವಿಮಾನಕ್ಕೆ ಹೋಗುತ್ತಾರಂತೆ, ಅವರ ಕೈಯಲ್ಲಿ ಕೊಡುತ್ತೇನೆ.

ಹೌದು, ನಾನೇ ಹಾಕುತ್ತಿದ್ದದ್ದು. ಅದರಲ್ಲಿ ದೊಡ್ಡದೆಂತದೂ ಇಲ್ಲ. ಪಕ್ಕದ ಮನೆಯವರು ಎಲ್ಲಿಗಾದರೂ ಹೋಗುವಾಗ ದನ, ನಾಯಿಯನ್ನು "ಸ್ವಲ್ಪ ನೋಡಿಕೊಳ್ಳಿ" ಎಂದು ಒಪ್ಪಿಸಿ ಹೋಗುತ್ತಾರೆ. ನೀವು ಒಪ್ಪಿಸಲಿಲ್ಲ. ನಾನೇ ಕೇಳಿಕೊಂಡು ನೋಡಿಕೊಂಡೆ. ನನಗೆ ಅದು ಹೊಸತಲ್ಲ. ಹಸಿದ ಜೀವ ಬಾಗಿಲಲ್ಲಿ ಕುಳಿತಿರುವಾಗ ನಾನು ಹಾಲಿನ ಕ್ಯಾನ್ ಹಿಡಿದುಕೊಂಡು ಹೊರಗೆ ಹೋಗುವುದು ಹೇಗೆ? ಸೋಮವಾರ ಮಾತ್ರ ನನ್ನಿಂದ ಆಗುವುದಿಲ್ಲ. ಆ ದಿನ ನೀರು ಇಟ್ಟು, ನಾಳೆಯವರೆಗೆ ತಡೆದುಕೋ ಎಂದು ಹೇಳಿ ಬರುತ್ತೇನೆ. ಸಂಕ್ರಮಣ ಸೋಮವಾರದ ಬೆನ್ನಿಗೇ ಬಂದಾಗ ನನಗೆ ನಿದ್ದೆ ಬರಲಿಲ್ಲ.

ಪೆನ್ಸಿಲ್ ಬಾಕ್ಸಿನ ಸಂಗತಿಯನ್ನೂ ಮಗಳು ಕೇಳಿದಳು. ಅದು ನಿಮ್ಮದೇ ಎಂದು ಹೇಳಿದ್ದೇನೆ. ನೀವು ಬೇರೆ ಹೇಳಲಿಕ್ಕೆ ಹೋಗಬೇಡಿ.

ಮೂವರೂ ಇಲ್ಲಿಗೆ ಬಂದಿದ್ದರು. ನಿಯಮ ಇರಬೇಕಾ ಬೇಡವಾ ಎಂದು ನನ್ನ ಅಭಿಪ್ರಾಯ ಕೇಳಿದರು. ಇರಲಿ ಎಂದೆ. ಹಾಕದಿದ್ದರೂ ಹೋಗದ ಹಕ್ಕಿ ಎಂತ ಹಕ್ಕಿ? ಗೋಡೆಯ ಕ್ಯಾಲೆಂಡರಿನಲ್ಲಿಯೂ ಹಕ್ಕಿ ಉಂಟು. ಆದರೆ ಹೊರಗೆ ಹೋಗುವವರಿಗೆ ಒಪ್ಪಿಸಿ ಹೋಗಲಿಕ್ಕೆ ಒಂದು ದಾರಿ ಮಾಡಿ ಎಂದೆ. ಬೋಟಿಗೆ ಹೋಗುವವನಿಗೆ ಮನೆಯಲ್ಲಿ ತಂಗಿ ಇಲ್ಲವಾ? ಪರೀಕ್ಷೆಯ ಹುಡುಗಿಗೆ ಅಜ್ಜಿ ಇಲ್ಲವಾ? ಅಕ್ಷಿತ್ ಕೂಡಲೇ ಬರೆದುಕೊಂಡ. ಒಳ್ಳೆಯ ಹುಡುಗ, ಆದರೆ ಊಟ ಸಾಲದು, ಸಪೂರ ಇದ್ದಾನೆ.

ಕರಾರಿನ ವಿಷಯ ನನಗೆ ಗೊತ್ತಿಲ್ಲ ಎಂದು ಎಣಿಸಬೇಡಿ. ವಲೇರಿಯನ್ ಹೆಂಡತಿ ಕ್ಯಾರಲ್ ನನಗೆ ಆಗಸ್ಟಿನಲ್ಲಿಯೇ ಹೇಳಿದ್ದಾಳೆ. ನೀವಾಗಿ ಹೇಳುತ್ತೀರೆಂದು ಕಾದೆ. ಊರಿನಲ್ಲಿ ನಿಮಗೆ ಕೆಲಸ ಇಲ್ಲ ಎಂದಿರಂತೆ. ಕೂತುಕೊಳ್ಳಿ ಎಂದದ್ದು ನೀವು ನಾಲ್ಕು ವಾರಕ್ಕೆ ಬಂದವರು, ಸುಸ್ತಾಗಿದ್ದೀರಿ ಎಂದು. ಕೂತದ್ದು ಸಾಕು. ಇಷ್ಟು ವರ್ಷ ಈ ಮನೆಯಲ್ಲಿ ಪಪ್ಪ ಇದ್ದಾರೆ, ಪಪ್ಪ ಕೇಳಿದರು, ಪಪ್ಪ ಹೇಳಿದರು ಎಂದು ನಿಮ್ಮ ಜಾಗ ಖಾಲಿಯಾಗದ ಹಾಗೆ ನಾನು ಒಬ್ಬಳೇ ನೋಡಿಕೊಂಡೆ. ನನಗೂ ಸಾಕಾಗಿದೆ. ಇದನ್ನು ಫೋನಿನಲ್ಲಿ ಹೇಳಲಿಕ್ಕೆ ನಾಲಗೆ ಏಳುವುದಿಲ್ಲ.

ಮಾರ್ಚ್ ಕೊನೆಯವರೆಗೆ ಹಾಕುತ್ತೇನೆ. ಆಮೇಲೆ ನಿಮ್ಮ ಹದ್ದನ್ನು ನೀವೇ ನೋಡಿಕೊಳ್ಳಿ.

ಸ್ವರ್ಣಲತಾ


ಬೆಳ್ಮಣ್
13 ಏಪ್ರಿಲ್ 2026, ಸೋಮವಾರ

ಪ್ರೀತಿಯ ವಿಜ್ಜುವಿಗೆ,

ಬೆಳ್ಮಣ್‌ನಿಂದ ಮಣಿಪಾಲಕ್ಕೆ ಪತ್ರ ಯಾಕೆ, ಬಸ್ಸು ಹತ್ತಿ ಬರಬಾರದಾ ಎಂದು ಅಮ್ಮ ಕೇಳುತ್ತಾಳೆ. ಅಭ್ಯಾಸ ಬಲ. ಸೊಸೈಟಿಗೆ ಬರುವ ಹುಡುಗ ಮಣಿಪಾಲಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಕೈಯಲ್ಲಿ ಕೊಟ್ಟ ಪತ್ರ ಇಷ್ಟು ಬೇಗ ಮುಟ್ಟುವುದು ನನ್ನ ಆಯುಷ್ಯದಲ್ಲಿ ಇದೇ ಮೊದಲು.

ಬಂದು ಹದಿನೈದು ದಿನ ಆಯಿತು. ಪಂಪು ಮುಟ್ಟಿ ಒಮ್ಮೆ ಬೈಸಿಕೊಂಡೆ. ಮಾರ್ಚ್ ಕೊನೆಯವರೆಗೆ ಮಾತ್ರ ಎಂದಿದ್ದ ಅಮ್ಮ ಹದ್ದಿಗೆ ಈಗಲೂ ತಾನೇ ಹಾಕುತ್ತಾಳೆ, ನನಗೆ ಬಿಡುವುದಿಲ್ಲ. ನಿನ್ನೆ ಧೂಪದ ಮರ ಇದ್ದ ಕಡೆಗೆ ಹೋದೆ. ಮರ ಇಲ್ಲ. ಬೇರೆಯವರ ಮನೆಯ ಕಂಪೌಂಡ್ ಬಂದಿದೆ. ಸ್ವಲ್ಪ ಹೊತ್ತು ಮೇಲೆ ನೋಡುತ್ತಾ ನಿಂತೆ. ಆ ಮನೆಯ ಹೆಂಗಸು ಹೊರಗೆ ಬಂದು "ಎಂತ ನೋಡುವುದು?" ಎಂದು ಕೇಳಿದರು. ಹದ್ದು ಎಂದೆ. ಅವರೂ ಬಂದು ನೋಡಿದರು. ಇಬ್ಬರಿಗೂ ಬಿಸಿಲು ಮಾತ್ರ ಕಂಡದ್ದು.

ಹೊಸ ಅಭಿಪ್ರಾಯಗಳನ್ನು ಓದುತ್ತಾ ಇದ್ದೇನೆ. ಕಾಪುವಿನ ಚಂದು ಐದು ಸ್ಟಾರ್ ಕೊಟ್ಟಿದ್ದಾನೆ. "ಬೋಟಿನಿಂದ ಬಂದು ನೋಡಿದರೆ ತಂಗಿ ನನಗಿಂತ ಚೆನ್ನಾಗಿ ನೋಡಿಕೊಂಡಿದ್ದಾಳೆ, ಈಗ ಹಕ್ಕಿ ತನ್ನದೇ ಎಂದು ಜಗಳ ಮಾಡುತ್ತಾಳೆ" ಎಂದು ಬರೆದಿದ್ದಾನೆ. ನಾನೂ ನನ್ನದನ್ನು ತಿದ್ದಿದ್ದೇನೆ, ನೋಡು. ನಾಲ್ಕು. ಒಂದನ್ನು ಯಾಕೆ ಹಿಡಿದುಕೊಂಡೆ ಎಂದು ಅಮ್ಮನಿಗೆ ಗೊತ್ತುಂಟು. ಅವಳನ್ನು ಕೇಳದೆ ನೀವು ಆ ನಿಯಮ ಮಾಡಿದ್ದಕ್ಕೆ.

ಬುಧವಾರ ಬಿಸು ಹಬ್ಬಕ್ಕೆ ತಪ್ಪದೆ ಬಾ. ಅಕ್ಷಿತ್, ಸ್ಯಾಂಡ್ರಾ ಅವರನ್ನೂ ಕರೆದುಕೊಂಡು ಬಾ, ಅಮ್ಮ ಪಾಯಸ ಮಾಡುತ್ತಾಳೆ. ಇವತ್ತು ಬೆಳಿಗ್ಗೆ ಅವಳು ಕ್ಯಾಲೆಂಡರ್ ನೋಡಿ ಗಾಬರಿಯಾದಳು. ಇವತ್ತು ಸೋಮವಾರ, ನಾಳೆ ಸಂಕ್ರಮಣ, ನಾಡಿದ್ದು ಬಿಸು. ಮೂರು ದಿನ ಸಾಲಾಗಿ ಅವಳಿಗೆ ಮಾಂಸ ಮುಟ್ಟುವ ಹಾಗಿಲ್ಲ. ಹದ್ದು ಹೋಗಿಯೇ ಹೋಗುತ್ತದೆ. ಫೋನ್ ಹಿಡಿದುಕೊಂಡು ಅಂಗಳಕ್ಕೆ ಬಂದು ನನ್ನ ಮುಂದೆ ನಿಂತಳು, ಫೋನನ್ನು ನನ್ನ ಕೈಯಲ್ಲಿ ಇಟ್ಟಳು. "ಸ್ವಲ್ಪ ನೋಡಿಕೊಳ್ಳಿ" ಎಂದಳು. ಹಾಲಿನ ಕ್ಯಾನ್ ಎತ್ತಿಕೊಂಡು ಹೋದಳು.

ನೋಡಿಕೊಂಡೆ. ಹೊಟ್ಟೆ ತುಂಬ ತಿಂದು ರೆಕ್ಕೆ ಬಿಡಿಸಿ ಕುಳಿತಿದೆ. ಇನ್ನು ಮುಂದೆ ಸೋಮವಾರವೂ ಸಂಕ್ರಮಣವೂ ನನ್ನದು.

ಊರಿನಲ್ಲಿ ನನಗೊಂದು ಕೆಲಸ ಸಿಕ್ಕಿತು ವಿಜ್ಜು.

ಪಪ್ಪ